ನೀಲಿ ನೆಲಹಾಸು

ದಕ್ಷಿಣ ಆಫ್ರಿಕಾದ ನೈಋತ್ಯ ತುದಿಯಲ್ಲಿ ಮರಳುಗಲ್ಲಿನ ಬೆಟ್ಟಗಳುಂಟು. ಅವುಗಳ ಬಂಡೆಸಂದುಗಳಲ್ಲಿ ಗೇಣುದ್ದದ ಒಂದು ಸಸ್ಯವು ತೆವಳುತ್ತ ಬೆಳೆಯುತ್ತದೆ. ಬೆರಳಿನಂತೆ ದುಂಡಾದ ಇದರ ಎಲೆಗಳು ರಸದಿಂದ ತುಂಬಿ ನೆಟ್ಟಗೆ ನಿಂತಿರುತ್ತವೆ. ಬಣ್ಣ ಬೂದು ಬೆರೆತ ನೀಲಿ. ಸಸ್ಯಶಾಸ್ತ್ರದಲ್ಲಿ ಬಹುಕಾಲ ಸೆನೆಸಿಯೊ ಸರ್ಪೆನ್ಸ್ ಎನಿಸಿದ್ದ ಇದಕ್ಕೆ ಈಗ ಕ್ಯೂರಿಯೊ ರೆಪೆನ್ಸ್ ಎಂದು ಹೆಸರು. ಹೆಸರು ಬದಲಾದರೂ ಅರ್ಥ ಬದಲಾಗಿಲ್ಲ. ಸರ್ಪೆನ್ಸ್, ರೆಪೆನ್ಸ್ ಎರಡಕ್ಕೂ ಲ್ಯಾಟಿನ್ನಿನಲ್ಲಿ ‘ತೆವಳುವ’ ಎಂದೇ ಅರ್ಥ. ನೋಟಕ್ಕೆ ಕಳ್ಳಿಯ ಬಂಧುವಿನಂತೆ ತೋರಿದರೂ ಇದು ಸೇವಂತಿಗೆ, ಸೂರ್ಯಕಾಂತಿಗಳ ಕುಟುಂಬಕ್ಕೆ ಸೇರಿದುದು.

ಎಲೆಯನ್ನು ಬೆರಳಿನಿಂದ ಉಜ್ಜಿದರೆ ನೀಲಿಯು ಅಳಿಸಿ ಹಸಿರು ಹೊರಬೀಳುತ್ತದೆ. ಏಕೆಂದರೆ ಆ ನೀಲಿ ಎಲೆಯೊಳಗಿನ ಬಣ್ಣವಲ್ಲ, ಮೇಲೆ ಹರಡಿದ ಮೇಣದ ನವಿರಾದ ಲೇಪ. ಅದು ಪ್ರಖರವಾದ ಬೆಳಕನ್ನು ಹಿಂದಕ್ಕೆ ಚದರಿಸುತ್ತದೆ. ಒಳಗಿನ ನೀರು ಆವಿಯಾಗದಂತೆ ತಡೆಯುತ್ತದೆ. ಅಲಂಕಾರವೆಂದು ನಾವು ಮೆಚ್ಚುವುದು ಗಿಡದ ಪಾಲಿಗೆ ಜೀವರಕ್ಷಣೆಯ ಕವಚ.

ಈ ಗಿಡವು ಅಮೆರಿಕದ ಕ್ಯಾಲಿಫೋರ್ನಿಯದ ತೋಟಗಳಲ್ಲಿ ಚೆನ್ನಾಗಿ ನೆಲೆಯೂರಿದೆ. ಅದರ ತವರಿನಲ್ಲಿರುವಂತೆಯೇ ಅಲ್ಲಿಯೂ ಮಳೆ ಬೀಳುವುದು ಚಳಿಗಾಲದಲ್ಲಿ; ಬೇಸಗೆ ಒಣಗಾಲ. ಆದರೂ ಆ ನಾಡಿನ ಮನೆಗಳ ಮುಂದೆ ಹಸಿರು ಹುಲ್ಲುಹಾಸು ಬೆಳೆಸುವುದು ರೂಢಿಯಾಗಿತ್ತು. ಬೇಸಗೆಯುದ್ದಕ್ಕೂ ಅದಕ್ಕೆ ನೀರುಣಿಸಬೇಕು. 2012ರಲ್ಲಿ ತೊಡಗಿದ ಬರವು ಈ ರೂಢಿಯನ್ನು ಅಲುಗಿಸಿತು. 2015ರ ಏಪ್ರಿಲ್‌ನಲ್ಲಿ ಗವರ್ನರ್ ಜೆರಿ ಬ್ರೌನ್ ಅವರು ನಗರಗಳ ನೀರಿನ ಬಳಕೆಯನ್ನು ಶೇಕಡ 25ರಷ್ಟು ತಗ್ಗಿಸುವಂತೆ ಆಜ್ಞೆ ಹೊರಡಿಸಿದರು. 5 ಕೋಟಿ ಚದರ ಅಡಿ ಹುಲ್ಲುಹಾಸನ್ನು ಕಿತ್ತು, ಬರ ಸಹಿಸುವ ಸಸ್ಯಗಳನ್ನು ನೆಡಬೇಕೆಂಬುದೂ ಅದರಲ್ಲಿ ಸೇರಿತ್ತು. ಅಂತಹ ನೆಲಕ್ಕೆ ಒಪ್ಪುವ ಸಸ್ಯಗಳಲ್ಲಿ ಇದೂ ಒಂದು. ಆದರೆ ಹುಲ್ಲಿನ ಒಂದು ಗುಣ ಇದಕ್ಕಿಲ್ಲ. ಇದರ ಮೇಲೆ ಮಕ್ಕಳು ಆಡಲಾಗದು. ಕಾಲಿಟ್ಟರೆ ಎಲೆಗಳು ಮುರಿಯುತ್ತವೆ.

ಇದನ್ನು ಬೆಳೆಸುವುದು ಕಷ್ಟವಲ್ಲ. ಕಾಂಡದ ತುಂಡುಗಳನ್ನು ಕತ್ತರಿಸಿ, ಗಾಯ ಒಣಗುವವರೆಗೆ ಕೆಲವು ದಿನ ನೆರಳಿನಲ್ಲಿಟ್ಟು, ಅನಂತರ ಮರಳು ಬೆರೆತ ಮಣ್ಣಿನಲ್ಲಿ ಅಡಿಗೊಂದರಂತೆ ಊರಬೇಕು. ಹಸಿ ಗಾಯದೊಡನೆ ನೆಟ್ಟರೆ ತುಂಡು ಕೊಳೆಯುವುದುಂಟು. ಕಾಂಡವು ತೆವಳುತ್ತ ಅಲ್ಲಲ್ಲಿ ಬೇರೂರಿ ನೆಲವನ್ನು ಮುಚ್ಚುತ್ತದೆ. ತೋಟಗಾರರು ಇದನ್ನು ಕಳೆದುಕೊಳ್ಳುವುದು ಬಾಯಾರಿಸಿ ಅಲ್ಲ, ಹೆಚ್ಚಾಗಿ ಅತಿಯಾಗಿ ನೀರೆರೆದೇ. ನೀರು ನಿಂತರೆ ಬೇರು ಕೊಳೆಯುತ್ತದೆ. ಕಡುಹಿಮವನ್ನೂ ಗಿಡ ತಾಳದು. ವರ್ಷಗಳು ಕಳೆದಂತೆ ನಡುವಿನ ಕಾಂಡಗಳು ಬೋಳಾಗುತ್ತವೆ. ಆಗ ತುದಿಗಳನ್ನು ಕತ್ತರಿಸಿ ಬರಿದಾದ ಜಾಗದಲ್ಲಿ ನೆಟ್ಟರಾಯಿತು, ಹಾಸು ಮತ್ತೆ ಕೂಡಿಕೊಳ್ಳುತ್ತದೆ.