ಒತ್ತಕ್ಷರ ಕಲಸಿಹೋಗದ ಹಾಗೆ

ಗೃಹಪ್ರವೇಶದ ಆಮಂತ್ರಣ, ಮಕ್ಕಳ ಪ್ರಾಜೆಕ್ಟು, ಸಂಘದ ವಾರ್ಷಿಕ ವರದಿ ಎಲ್ಲವೂ ಈಗ ಮನೆಯ ಇಂಕ್‌ಟ್ಯಾಂಕ್ ಪ್ರಿಂಟರಿನಲ್ಲೇ ಆಗುತ್ತವೆ. ಅಚ್ಚು ಮಸುಕಾಗಿ ಬಂದರೆ ಬೈಗುಳ ತಿನ್ನುವುದು ಇಂಕು. ಆದರೆ ಪ್ರಿಂಟ್ ಕೊಡುವ ಮುನ್ನ ‘ಪ್ರಿಫರೆನ್ಸಸ್’ ತೆರೆದು ನೋಡುವವರು ಕಡಿಮೆ. ಅಲ್ಲಿ ಮೊದಲು ನೋಡಬೇಕಾದದ್ದು ‘ಪೇಪರ್ ಟೈಪ್’.

ಜೆರಾಕ್ಸ್ ಅಂಗಡಿಯ 70 ಜಿಎಸ್‌ಎಂ ಸಾದಾ ಹಾಳೆ ಇಂಕನ್ನು ಹೀರಿ ನಾರಿನುದ್ದಕ್ಕೂ ಹರಡಿಬಿಡುತ್ತದೆ. ಫೋಟೊ ಪೇಪರಿಗೆ ಲೇಪವಿರುವುದರಿಂದ ಹನಿ ಬಿದ್ದಲ್ಲೇ ನಿಲ್ಲುತ್ತದೆ. ಎಷ್ಟು ಇಂಕು ಸುರಿಯಬೇಕೆಂದು ಪ್ರಿಂಟರು ತೀರ್ಮಾನಿಸುವುದು ನಾವು ಆರಿಸಿದ ಕಾಗದದ ಹೆಸರು ನೋಡಿ. ಇನ್ನೂ ಒಂದು ವಿಷಯವಿದೆ. ಹಲವು ಇಂಕ್‌ಟ್ಯಾಂಕ್‌ಗಳಲ್ಲಿ ಕಪ್ಪು ಪಿಗ್ಮೆಂಟ್ ಇಂಕು, ಉಳಿದ ಮೂರು ಬಣ್ಣ ಡೈ ಇಂಕು. ‘ಗ್ಲಾಸಿ’ ಎಂದು ಆರಿಸಿದರೆ ಇಂಥ ಪ್ರಿಂಟರುಗಳು ಸಾಮಾನ್ಯವಾಗಿ ಕಪ್ಪನ್ನು ಬಿಟ್ಟು, ಮೂರು ಬಣ್ಣ ಬೆರೆಸಿ ಕಪ್ಪು ಮಾಡುತ್ತವೆ. ಸಾದಾ ಹಾಳೆ ಇಟ್ಟು ‘ಗ್ಲಾಸಿ’ ಒತ್ತಿದರೆ ಅಕ್ಷರದ ಅಂಚು ಒದ್ದೆಯಾಗಿ ಹರಡುತ್ತದೆ, ಹಾಳೆ ಸುರುಟಿಕೊಳ್ಳುತ್ತದೆ. ಗ್ಲಾಸಿ ಹಾಳೆ ಇಟ್ಟು ‘ಪ್ಲೇನ್’ ಎಂದರೆ ಕಪ್ಪು ಮೇಲೆಯೇ ಕೂತು ಬೆರಳಿಗೆ ಮೆತ್ತುತ್ತದೆ.

ಆಮೇಲೆ ‘ಕ್ವಾಲಿಟಿ’. ಕನ್ನಡಕ್ಕೆ ‘ಡ್ರಾಫ್ಟ್’ ಸಾಲದು, ಇದನ್ನು ಒತ್ತಿ ಹೇಳುತ್ತೇನೆ. 9 ಪಾಯಿಂಟಿನ ಅಕ್ಷರಕ್ಕೆ ಸಿಗುವ ಎತ್ತರ ಅಂಗುಲದ ಎಂಟನೇ ಒಂದು ಭಾಗ. 600 ಡಿಪಿಐಯಲ್ಲಿ ಅದು 75 ಚುಕ್ಕೆ, 300ರಲ್ಲಿ ಅದರರ್ಧ. ‘ರಾಷ್ಟ್ರ’ದ ಷ, ಅದರಡಿಯ ಟ, ಪಕ್ಕದ ರ ಒತ್ತು ಎಲ್ಲವೂ ಅಷ್ಟರೊಳಗೇ ಹಿಡಿಸಬೇಕು. ಚುಕ್ಕೆ ಕಡಿಮೆಯಾದರೆ ಒತ್ತಿನ ಹೊಟ್ಟೆಯ ಬಿಳಿ ಜಾಗ ಮುಚ್ಚಿಹೋಗುತ್ತದೆ. ಓದುವ ಅಜ್ಜನಿಗೆ ಕನ್ನಡಕ ಬದಲಿಸಿ ಪ್ರಯೋಜನವಿಲ್ಲ, ‘ಸ್ಟ್ಯಾಂಡರ್ಡ್’ ಅಥವಾ ‘ಹೈ’ಗೆ ಬದಲಿಸಿ.

ನೇರ ಗೆರೆಗಳು ಎರಡೆರಡಾಗಿ ಕಂಡರೆ ‘ಬೈಡೈರೆಕ್ಷನಲ್’ ಅಥವಾ ‘ಹೈ ಸ್ಪೀಡ್’ ತೆಗೆದುಬಿಡಿ. ಹೆಡ್ಡು ಹೋಗುವಾಗಲೂ ಬರುವಾಗಲೂ ಬರೆಯುವ ಆ ವೇಗದಲ್ಲಿ ಚುಕ್ಕೆಗಳು ಕೂದಲೆಳೆಯಷ್ಟು ಜರುಗುತ್ತವೆ. ಹೆಡ್ ಅಲೈನ್‌ಮೆಂಟ್ ಮಾಡಿಸಿದರೆ ಬಹುಮಟ್ಟಿಗೆ ಸರಿಹೋಗುತ್ತದೆ. ಅಡ್ಡ ಬಿಳಿಗೆರೆ ಬಂದರೆ ಮೊದಲು ನಾಜಲ್ ಚೆಕ್. ಅದರಲ್ಲಿ ಗೆರೆ ತುಂಡಾಗಿದ್ದರೆ ಮಾತ್ರ ಹೆಡ್ ಕ್ಲೀನಿಂಗ್, ಏಕೆಂದರೆ ಪ್ರತಿ ಕ್ಲೀನಿಂಗೂ ಇಂಕು ಕುಡಿಯುತ್ತದೆ.

ಫೋಟೊ ವಿಷಯದಲ್ಲಿ ಸೆಟಿಂಗ್‌ಗಿಂತ ಕಡತ ದೊಡ್ಡದು. 4×6 ಅಂಗುಲಕ್ಕೆ 300 ಪಿಪಿಐ ಬೇಕೆಂದರೆ 1200×1800 ಪಿಕ್ಸೆಲ್ ಇರಬೇಕು. ವಾಟ್ಸ್ಆ್ಯಪ್‌ನಲ್ಲಿ ಫೋಟೊ ಆಗಿಯೇ ಕಳಿಸಿದರೆ ಚಿತ್ರ ಕುಗ್ಗಿ ಬರುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ. ಪರದೆಯ ಹೊಳೆಯುವ ನೀಲಿ, ಹಸಿರುಗಳು ಕಾಗದದ ಮೇಲೆ ಸ್ವಲ್ಪ ಮಂಕಾಗುವುದು ಸಹಜ.

ಲೇಸರ್ ಪ್ರಿಂಟರಿನಲ್ಲಿ ದಪ್ಪ ಕಾರ್ಡಿನ ಆಮಂತ್ರಣ ಮಾಡಿಸುವವರು ಅಲ್ಲೂ ‘ಥಿಕ್’ ಎಂದು ಆರಿಸಿ. ಟೋನರು ಕಾಗದಕ್ಕೆ ಅಂಟುವುದು ಬಿಸಿಯಿಂದ. ದಪ್ಪ ಕಾರ್ಡು ಹೆಚ್ಚು ಶಾಖ ಬೇಡುವುದರಿಂದ, ಈ ಆಯ್ಕೆಯಲ್ಲಿ ಪ್ರಿಂಟರು ನಿಧಾನಕ್ಕೆ ಎಳೆಯುತ್ತದೆ. ಇಲ್ಲದಿದ್ದರೆ ಕಾರ್ಡು ಮಡಿಚಿದ ಕಡೆ ಅಕ್ಷರ ಪುಡಿಯಾಗಿ ಉದುರುತ್ತದೆ.