ಜಾಲತಾಣದ ಮುಯ್ಯಿ ಪುಸ್ತಕ

ಮದುವೆ ಮನೆಯಲ್ಲಿ ಒಬ್ಬರು ಪುಸ್ತಕ, ಪೆನ್ನು ಹಿಡಿದು ಕುಳಿತಿರುವುದನ್ನು ಎಲ್ಲರೂ ನೋಡಿರುತ್ತಾರೆ. ಯಾರು, ಯಾವ ಊರಿನವರು, ಎಷ್ಟು ಮುಯ್ಯಿ ಓದಿಸಿದರು ಎಂಬುದೆಲ್ಲ ಅದರಲ್ಲಿ ದಾಖಲಾಗುತ್ತದೆ. ಜಾಲತಾಣದ ಪುಟಗಳನ್ನು ಕೇಳಿದವರಿಗೆ ಒದಗಿಸುವ ವೆಬ್ ಸರ್ವರ್ ಕೂಡ ಇಂಥದೇ ಪುಸ್ತಕ ಇಡುತ್ತದೆ. ಅದರ ಹೆಸರು ‘ಲಾಗ್’.

ಶಾಲೆಯ ಜಾಲತಾಣ ತಯಾರಿಸಿದ ವಿದ್ಯಾರ್ಥಿಯನ್ನು ಮೊದಲು ಕಾಡುವ ಪ್ರಶ್ನೆ, ಇದನ್ನು ಎಷ್ಟು ಜನ ನೋಡಿದರು ಎಂಬುದು. ಉತ್ತರ ಹುಡುಕಲು ಲಾಗ್ ಓದಬೇಕು.

ಒಂದು ಸಾಲಿನಲ್ಲಿ ಏನಿದೆ?

ಲಾಗ್‌ನ ಪ್ರತಿ ಸಾಲೂ ಒಂದು ಬೇಡಿಕೆಯ ದಾಖಲೆ. ಕೇಳಿದ ಕಂಪ್ಯೂಟರಿನ ಅಂಕಿ ವಿಳಾಸ, ದಿನಾಂಕ ಮತ್ತು ಸಮಯ, ಕೇಳಿದ ಕಡತದ ಹೆಸರು, ಸರ್ವರ್ ಕೊಟ್ಟ ಉತ್ತರದ ಸಂಕೇತ, ಕಳುಹಿಸಿದ ಬೈಟ್‌ಗಳ ಸಂಖ್ಯೆ ಅದರಲ್ಲಿರುತ್ತವೆ. ಸಂಕೇತ 200 ಎಂದಿದ್ದರೆ ಕಡತ ಸಿಕ್ಕಿತು. 404 ಎಂದಿದ್ದರೆ ಸಿಗಲಿಲ್ಲ. ಇಂಥ ಸಾವಿರಾರು ಸಾಲುಗಳನ್ನು ಕಣ್ಣಲ್ಲಿ ಎಣಿಸಲಾದೀತೇ? ಅದಕ್ಕೆಂದೇ ತಂತ್ರಾಂಶಗಳಿವೆ.

ಅಳವಡಿಸುವ ಬಗೆ

‘ಅನಲಾಗ್’ ಅವುಗಳಲ್ಲಿ ಒಂದು. ಇಂಗ್ಲೆಂಡಿನ ಕೇಂಬ್ರಿಜ್ ವಿಶ್ವವಿದ್ಯಾಲಯದ ಸ್ಟೀಫನ್ ಟರ್ನರ್ 1995ರಲ್ಲಿ ಇದನ್ನು ಹೊರತಂದರು. ಹಳೆಯದಾದರೂ ಕಲಿಯುವವರಿಗೆ ಸುಲಭ, ಹಣವನ್ನೂ ಕೊಡಬೇಕಿಲ್ಲ. ವಿಂಡೋಸ್ ಇರುವ ಕಂಪ್ಯೂಟರಿನಲ್ಲಿ ಅದರ ಜಿಪ್ ಕಡತವನ್ನು ಒಂದು ಫೋಲ್ಡರಿಗೆ ಬಿಡಿಸಿಕೊಳ್ಳಿ. ಲಾಗ್ ಕಡತದ ಒಂದು ನಕಲನ್ನು ಅಲ್ಲಿಯೇ ಇಡಿ. ಮೂಲ ಪ್ರತಿಯನ್ನು ಮುಟ್ಟಬೇಡಿ.

ಫೋಲ್ಡರಿನಲ್ಲಿರುವ ‘ಅನಲಾಗ್.ಸಿಎಫ್‌ಜಿ’ ಕಡತವನ್ನು ನೋಟ್‌ಪ್ಯಾಡ್‌ನಲ್ಲಿ ತೆರೆಯಿರಿ. ‘ಲಾಗ್‌ಫೈಲ್’ ಎಂಬ ಆಜ್ಞೆಯ ಮುಂದೆ ನಿಮ್ಮ ಕಡತದ ಹೆಸರು ಬರೆದು ಉಳಿಸಿ. ಬಳಿಕ ಅನಲಾಗ್ ಚಿಹ್ನೆಯ ಮೇಲೆ ಎರಡು ಬಾರಿ ಒತ್ತಿದರೆ ಕಪ್ಪು ಕಿಟಕಿಯೊಂದು ಮೂಡಿ ಮರೆಯಾಗುತ್ತದೆ. ಅಷ್ಟರಲ್ಲಿ ‘ರಿಪೋರ್ಟ್’ ಎಂಬ ಹೊಸ ಪುಟ ಸಿದ್ಧ. ಯಾವ ದಿನ, ಯಾವ ಗಂಟೆಯಲ್ಲಿ ಎಷ್ಟು ಬೇಡಿಕೆ, ಯಾವ ಪುಟಕ್ಕೆ ಹೆಚ್ಚು ಎಂಬುದನ್ನೆಲ್ಲ ಬ್ರೌಸರಿನಲ್ಲಿ ನೋಡಬಹುದು. ಪುಟ ಬರದಿದ್ದರೆ ಮೊದಲು ಕಡತದ ಹೆಸರಿನ ಕಾಗುಣಿತ ಪರೀಕ್ಷಿಸಿ.

ಲೆಕ್ಕ ನಿಜವೇ?

ಎಚ್ಚರಿಕೆ ಬೇಕಾದುದು ಇಲ್ಲಿ. ಒಂದು ಪುಟದಲ್ಲಿ 9 ಚಿತ್ರಗಳಿದ್ದರೆ, ಅದನ್ನು ಒಬ್ಬರು ಮೊದಲ ಸಲ ತೆರೆದಾಗ ಲಾಗ್‌ನಲ್ಲಿ 10 ಸಾಲುಗಳು ಬೀಳುತ್ತವೆ. 100 ಜನ ತೆರೆದರೆ 1,000 ಸಾಲು! ‘ಸಾವಿರ ಜನ ನೋಡಿದರು’ ಎಂದು ಶಾಲಾ ವಾರ್ಷಿಕೋತ್ಸವದಲ್ಲಿ ಹೇಳಿದರೆ ಅದು ಸುಳ್ಳಾಗುತ್ತದೆ.

ತಪ್ಪು ಇನ್ನೊಂದು ಕಡೆಗೂ ಆಗಬಹುದು. ಪ್ರಯೋಗಾಲಯದ 40 ವಿದ್ಯಾರ್ಥಿಗಳು ಒಂದೇ ಸಂಪರ್ಕದ ಮೂಲಕ ನೋಡಿದಾಗ ಸರ್ವರಿಗೆ ಒಂದೇ ವಿಳಾಸ ಕಾಣಬಹುದು. ಬ್ರೌಸರ್ ತಾನೇ ಉಳಿಸಿಕೊಂಡ ಪುಟವನ್ನು ಮತ್ತೆ ತೋರಿಸಿದರೆ ಸರ್ವರಿಗೆ ಸುದ್ದಿಯೇ ತಲುಪದಿರಬಹುದು. ಶೋಧಕ ಯಂತ್ರಗಳು ಕಳುಹಿಸುವ ರೋಬಾಟ್‌ಗಳೂ ಪುಟ ಕೇಳುತ್ತವೆ, ಅವು ಮನುಷ್ಯರಲ್ಲ. ಹೀಗಾಗಿ ಅನಲಾಗ್ ಬೇಡಿಕೆಗಳನ್ನೂ ವಿಳಾಸಗಳನ್ನೂ ಎಣಿಸುತ್ತದೆಯೇ ಹೊರತು ‘ಇಷ್ಟು ಜನ ಬಂದರು’ ಎನ್ನುವುದಿಲ್ಲ. ಅಳೆದದ್ದು ಬೇರೆ, ಊಹಿಸಿದ್ದು ಬೇರೆ. ವಿಜ್ಞಾನದ ಮೊದಲ ಪಾಠವೂ ಇದೇ ಅಲ್ಲವೇ?

ಮಾಡಿ ನೋಡಿ

ನಿಮ್ಮ ಪುಟವನ್ನು ತೆರೆದು ಸಮಯ ಬರೆದಿಟ್ಟುಕೊಳ್ಳಿ. ಬಳಿಕ ಇಲ್ಲದ ಪುಟವೊಂದರ ಹೆಸರು ಕೊಟ್ಟು ಕೇಳಿ. ಆ ಸಮಯದ ಸಾಲುಗಳನ್ನು ಲಾಗ್‌ನಲ್ಲಿ ಹುಡುಕಿದರೆ 200, 404 ಎರಡೂ ಸಿಗುತ್ತವೆ. ಹಿರಿಯರೂ ಮಕ್ಕಳೊಡನೆ ಕುಳಿತು ಎಣಿಸಬಹುದು. ಒಂದು ಮಾತು: ಲಾಗ್‌ನಲ್ಲಿ ಬೇರೆಯವರ ವಿಳಾಸಗಳಿರುತ್ತವೆ. ಅದನ್ನು ಕಂಡಕಂಡವರಿಗೆ ಹಂಚಬಾರದು.

ಮುಯ್ಯಿ ಪುಸ್ತಕ ಸುಳ್ಳು ಹೇಳುವುದಿಲ್ಲ. ಆದರೆ ಪಂಕ್ತಿಯಲ್ಲಿ ಎಷ್ಟು ಎಲೆ ಬಿದ್ದವು ಎಂಬುದನ್ನು ಅದರಿಂದ ಹೇಳಲಾಗದು.