ಗಾಡಿ ಸೀಟು ಮತ್ತು ಟೊಂಕದ ನೋವು



ನಿಮ್ಮ ಮನೆಯಲ್ಲಿ ಮೋಟರ್ ಸೈಕಲ್ ಇದೆಯೇ? ದಿನಾಲು ಅದರ ಮೇಲೆ ಎಷ್ಟು ದೂರ ಹೋಗುತ್ತೀರಿ? ಒಮ್ಮೆ ಲೆಕ್ಕ ಹಾಕಿ ನೋಡಿ.

ಇಚಲಕರಂಜಿಯಿಂದ ಕೊಲ್ಹಾಪುರ ಸುಮಾರು 30 ಕಿಲೋಮೀಟರ್. ಹೋಗಿ ಬಂದರೆ 60. ಗಡಹಿಂಗ್ಲಜದಿಂದ ಸಂಕೇಶ್ವರ, ನಿಪ್ಪಾಣಿ, ಕಾಗಲ್ ಮೇಲೆ ಕೊಲ್ಹಾಪುರಕ್ಕೆ ಹೋದರೆ ಇನ್ನೂ ದೂರ. ಮಹಾರಾಷ್ಟ್ರ ಬಿಟ್ಟು ಕರ್ನಾಟಕದೊಳಗೆ ಹೊಕ್ಕು ಮತ್ತೆ ಮಹಾರಾಷ್ಟ್ರಕ್ಕೆ ಬರಬೇಕು. ಹಾಲು ಹಾಕುವವರು, ಮಗ್ಗದ ಕೆಲಸಕ್ಕೆ ಹೋಗುವವರು, ಕಾಗಲ್ ಮತ್ತು ಗೋಕುಳ ಶಿರಗಾಂವ್ ಕಾರ್ಖಾನೆಗೆ ಹೋಗುವವರು, ಎಲ್ಲರಿಗೂ ಗಾಡಿಯೇ ಕಾಲು.

ನಮ್ಮ ಕಲಿಕಾ ಕೇಂದ್ರಕ್ಕೆ ಒಬ್ಬ ಅಣ್ಣ ಬರುತ್ತಾರೆ. ಹಾಲಿನ ಕ್ಯಾನ್ ಸಾಗಿಸುವುದು ಅವರ ಕೆಲಸ. ಒಂದು ದಿನ ನೆಲಕ್ಕೆ ಕೂಡಲಿಲ್ಲ. ಗೋಡೆ ಹಿಡಿದು ನಿಂತರು. "ಯಾಕಣ್ಣಾ?" ಎಂದು ಕೇಳಿದೆ. "ಟೊಂಕ ಹಿಡಕೊಂಡೈತ್ರಿ ಬಾಯಾರ. ಆರು ತಿಂಗಳಾತು. ಗುಳಿಗಿ ನುಂಗತೀನಿ, ಗಾಡಿ ಹೊಡಿತೀನಿ. ಗಾಡಿ ಬಿಟ್ಟರ ಹೊಟ್ಟಿಗೆ ಏನ್ ತಿನ್ನೂದು?" ಎಂದರು.

ಅವರ ಮಾತು ಖರೆ. ಗಾಡಿ ಬಿಡಲು ಆಗುವುದಿಲ್ಲ. ಆದರೆ ಗಾಡಿಯ ಮೇಲೆ ಕೂಡುವ ರೀತಿಯನ್ನು ಬದಲಿಸಬಹುದು. ಅದನ್ನೇ ಈ ಪಾಠದಲ್ಲಿ ತಿಳಿಯೋಣ.

ನೋವು ಏಕೆ ಬರುತ್ತದೆ?

ತೊಡೆಯ ಎಲುಬಿನ ತುದಿ ಚೆಂಡಿನ ಹಾಗೆ ದುಂಡಗೆ ಇದೆ. ಅದು ಟೊಂಕದ ಎಲುಬಿನ ಬಟ್ಟಲಿನಲ್ಲಿ ಕೂತು ತಿರುಗುತ್ತದೆ. ಇದೇ ಟೊಂಕದ ಕೀಲು. ನಾವು ನಡೆಯುವಾಗ ಕೀಲು ಆಡುತ್ತದೆ. ಗಾಡಿಯ ಮೇಲೆ ಮಾತ್ರ ತಾಸುಗಟ್ಟಲೆ ಒಂದೇ ಕಡೆ ಮಡಚಿಕೊಂಡಿರುತ್ತದೆ. ಸ್ನಾಯುಗಳು ಬಿಗಿಯುತ್ತವೆ. ರಸ್ತೆಯ ತಗ್ಗುಗಳ ಪೆಟ್ಟು ಸೀಟಿನಿಂದ ನೇರ ಟೊಂಕಕ್ಕೆ ಬರುತ್ತದೆ.

ಸೀಟು ತಗ್ಗಾಗಿದ್ದು ಫುಟ್‌ರೆಸ್ಟ್ ಎತ್ತರವಾಗಿದ್ದರೆ ಮೊಣಕಾಲು ಮೇಲೆ ಬರುತ್ತದೆ. ಕೀಲು ಬಹಳ ಮಡಚುತ್ತದೆ. ಎತ್ತರದ ಆಳಿಗೆ ಈ ತೊಂದರೆ ಹೆಚ್ಚು. ಸೀಟು ಅಗಲವಾಗಿದ್ದರೆ ತೊಡೆಗಳು ಅಗಲಿ ತೊಡೆಸಂದು ಎಳೆಯುತ್ತದೆ. ಗಿಡ್ಡ ಆಳಿಗೆ ಈ ತೊಂದರೆ ಹೆಚ್ಚು. ಹಳೆಯ ಸೀಟಿನ ಫೋಮ್ ಕುಸಿದಿದ್ದರೆ ಇಬ್ಬರಿಗೂ ನೋವು.

ಇನ್ನೊಂದು ಕಾರಣ ನಮ್ಮ ಕಿಸೆಯಲ್ಲೇ ಇದೆ. ಹಿಂದಿನ ಕಿಸೆಯಲ್ಲಿ ದಪ್ಪ ಪಾಕೀಟು ಇಟ್ಟು ಕೂತರೆ ಒಂದು ಕಡೆ ಎತ್ತರವಾಗುತ್ತದೆ. ಟೊಂಕ ವಾರೆಯಾಗುತ್ತದೆ. ಪಿರ್ರೆಯೊಳಗಿನ ನರ ಒತ್ತುತ್ತದೆ. ಕಾಲಿನವರೆಗೂ ಜೋಮು ಹಿಡಿಯುತ್ತದೆ.

ನಿಮ್ಮ ಗಾಡಿಯನ್ನು ಪರೀಕ್ಷೆ ಮಾಡಿ

ಗಾಡಿಯನ್ನು ಸಪಾಟು ಜಾಗದಲ್ಲಿ ನಿಲ್ಲಿಸಿ. ಒಬ್ಬರು ಗಟ್ಟಿಯಾಗಿ ಹಿಡಿದುಕೊಳ್ಳಲಿ. ನೀವು ದಿನಾಲು ಕೂಡುವ ಹಾಗೆ ಕೂತು ಎರಡೂ ಕಾಲು ಫುಟ್‌ರೆಸ್ಟ್ ಮೇಲೆ ಇಡಿ. ಇನ್ನೊಬ್ಬರು ಪಕ್ಕದಿಂದ ನೋಡಲಿ.

1. ಮೊಣಕಾಲು ಟೊಂಕಕ್ಕಿಂತ ಮೇಲೆ ಇದೆಯೇ?
2. ಸೀಟಿನ ಮೇಲೆ ಮುಂದೆ ಜಾರಿ ಟ್ಯಾಂಕಿಗೆ ಒತ್ತಿಕೊಂಡಿದ್ದೀರಾ?
3. ಹ್ಯಾಂಡಲ್ ಹಿಡಿಯಲು ಬೆನ್ನು ಬಗ್ಗಿಸಬೇಕೇ?
4. ಹೆಬ್ಬೆರಳಿನಿಂದ ಒತ್ತಿದರೆ ಸೀಟಿನ ತಳದ ಗಟ್ಟಿ ಭಾಗ ಸಿಗುತ್ತದೆಯೇ?

ಒಂದಕ್ಕೆ "ಹೌದು" ಎಂದರೂ ಗಾಡಿಯನ್ನು ಸರಿ ಮಾಡಿಸಬೇಕು.

ಏನು ಸರಿ ಮಾಡಿಸಬೇಕು?

ಸೀಟು: ಸೀಟ್ ಕವರ್ ಅಂಗಡಿಯಲ್ಲಿ ಹೊಸ ಫೋಮ್ ಹಾಕಿಸಿ. ಬರೀ ಮೆತ್ತಗಿನ ಫೋಮ್ ಬೇಡ. ಅದು ಬೇಗ ಕುಸಿಯುತ್ತದೆ. ಮೊಣಕಾಲು ಮೇಲೆ ಬರುತ್ತಿದ್ದರೆ ಸೀಟನ್ನು ಸ್ವಲ್ಪ ಎತ್ತರಿಸಿ. ಆದರೆ ನಿಂತಾಗ ಕಾಲು ನೆಲಕ್ಕೆ ಹತ್ತಬೇಕು. ತೊಡೆ ಅಗಲುತ್ತಿದ್ದರೆ ಮುಂದಿನ ಭಾಗವನ್ನು ಕಿರಿದು ಮಾಡಿಸಿ. ಮುಂದಕ್ಕೆ ಇಳಿಜಾರು ಇರಬಾರದು.

ಹ್ಯಾಂಡಲ್: ಗ್ಯಾರೇಜಿನಲ್ಲಿ ಹೇಳಿದರೆ ಕೆಲವು ಗಾಡಿಗಳಲ್ಲಿ ಸ್ವಲ್ಪ ಹಿಂದಕ್ಕೆ ತಿರುಗಿಸಿ ಕೊಡುತ್ತಾರೆ. ತಿರುಗಿಸಿದ ಮೇಲೆ ಟ್ಯಾಂಕಿಗೆ ತಾಗುತ್ತದೆಯೇ, ವೈರು ಎಳೆಯುತ್ತದೆಯೇ ಎಂದು ನೋಡಿ.

ಶಾಕಪ್ ಮತ್ತು ಗಾಲಿ: ಹಿಂದಿನ ಶಾಕಪ್ ಬಿಗಿ ಮಾಡಲು ಮೆಟ್ಟಿಲು ಇರುತ್ತವೆ. ಭಾರ ಒಯ್ಯುವಾಗ ಹೆಚ್ಚು ಬಿಗಿ, ಒಬ್ಬರೇ ಹೋಗುವಾಗ ಕಡಿಮೆ ಬಿಗಿ ಇರಲಿ. ಗಾಲಿಯ ಹವೆ ಕಂಪನಿ ಬರೆದಷ್ಟೇ ಇರಲಿ. ಹವೆ ಹೆಚ್ಚಾದರೆ ಪೆಟ್ಟೂ ಹೆಚ್ಚು.

ಭಾರ: 40 ಲೀಟರ್ ಹಾಲು ಎಂದರೆ 40 ಕಿಲೋಗಿಂತ ಹೆಚ್ಚು. ಅದರ ಮೇಲೆ ಕ್ಯಾನಿನ ತೂಕ. ಒಂದೇ ಕಡೆ ಕಟ್ಟಿದರೆ ನೀವು ಇನ್ನೊಂದು ಕಡೆ ವಾಲಿ ಕೂಡುತ್ತೀರಿ. ಎರಡೂ ಕಡೆ ಸಮ ಭಾರ ಕಟ್ಟಿ. ಕ್ಯಾನ್ ಮೇಲಿಂದ ಕಾಲು ಬೀಸಿ ಹತ್ತಬೇಡಿ. ಮೊಣಕಾಲು ಮಡಚಿ, ಸೀಟಿನ ಮುಂದಿನ ಭಾಗದ ಮೇಲಿಂದ ಕಾಲು ದಾಟಿಸಿ.

ಹಿಂದೆ ಕೂಡುವ ಅಕ್ಕ ತಂಗಿಯರೇ, ಒಂದೇ ಕಡೆ ಕಾಲು ಹಾಕಿ ಕೂತರೆ ಟೊಂಕ ತಿರುಚಿಕೊಳ್ಳುತ್ತದೆ. ಬೀಳುವ ಭಯವೂ ಹೆಚ್ಚು. ಆದಷ್ಟು ಎರಡೂ ಕಡೆ ಕಾಲು ಹಾಕಿ ಕೂಡಿ. ಹೆಲ್ಮೆಟ್ ಮುಂದಿನವರಿಗೂ ಬೇಕು, ಹಿಂದಿನವರಿಗೂ ಬೇಕು.

ದಾರಿಯಲ್ಲಿ ಮತ್ತು ಮನೆಯಲ್ಲಿ

ಮುಕ್ಕಾಲು ತಾಸಿಗೊಮ್ಮೆ ಗಾಡಿ ನಿಲ್ಲಿಸಿ ಇಳಿಯಿರಿ. ಐದು ನಿಮಿಷ ನಡೆಯಿರಿ. ಮಗ್ಗದ ಮುಂದೆ 12 ತಾಸು ನಿಂತು ಬಂದವರು ಕೂಡಲೇ ಗಾಡಿ ಹತ್ತಬೇಡಿ. ಸ್ವಲ್ಪ ಕೂತು, ಕಾಲು ಚಾಚಿ, ಆಮೇಲೆ ಹೊರಡಿ.

ಮನೆಯಲ್ಲಿ ದಿನಕ್ಕೆ ಎರಡು ಸಲ ಈ ವ್ಯಾಯಾಮ ಮಾಡಿ.

ಒಂದು: ಬಲಗಡೆಯ ಮೊಣಕಾಲು ನೆಲಕ್ಕೆ ಊರಿ, ಎಡಗಾಲು ಮುಂದೆ ಇಡಿ. ಬೆನ್ನು ನೆಟ್ಟಗಿಟ್ಟು ಟೊಂಕವನ್ನು ಮೆಲ್ಲಗೆ ಮುಂದೆ ತಳ್ಳಿ. 30 ಎಣಿಸಿ. ಕಾಲು ಬದಲಿಸಿ.

ಎರಡು: ಅಂಗಾತ ಮಲಗಿ ಮೊಣಕಾಲು ಮಡಚಿ. ಪಾದ ನೆಲಕ್ಕಿರಲಿ. ಟೊಂಕವನ್ನು ಮೇಲೆ ಎತ್ತಿ 5 ಎಣಿಸಿ ಇಳಿಸಿ. ಹೀಗೆ 10 ಸಲ.

ಚುಚ್ಚಿದ ಹಾಗೆ ನೋವಾದರೆ ನಿಲ್ಲಿಸಿ. ನೋವು ಇರುವ ತನಕ ಚಕ್ಕಳಮಕ್ಕಳ ಹಾಕಿ ಕೂಡಬೇಡಿ, ಕುಕ್ಕರಗಾಲಿನಲ್ಲಿಯೂ ಕೂಡಬೇಡಿ. ಸ್ಟೂಲ್ ಮೇಲೆ ಕೂಡಿ. ಬಿಸಿ ನೀರಿನ ಅರಿವೆಯಿಂದ 15 ನಿಮಿಷ ಕಾವು ಕೊಡಿ.

ಗುಳಿಗೆಯ ಬಗ್ಗೆ ಎಚ್ಚರ

ಅಂಗಡಿಯಿಂದ ನೋವಿನ ಗುಳಿಗೆ ತಂದು ತಿಂಗಳುಗಟ್ಟಲೆ ನುಂಗಬೇಡಿ. ಹೊಟ್ಟೆಯಲ್ಲಿ ಹುಣ್ಣಾಗಬಹುದು, ಮೂತ್ರಪಿಂಡ ಕೆಡಬಹುದು. ಹೆಸರಿಲ್ಲದ ಪುಡಿ, ಹೆಸರಿಲ್ಲದ ಇಂಜೆಕ್ಷನ್ ಬೇಡವೇ ಬೇಡ. ಅವುಗಳಲ್ಲಿ ಸ್ಟೀರಾಯ್ಡ್ ಎಂಬ ಔಷಧಿ ಇರಬಹುದು. ಸ್ಟೀರಾಯ್ಡ್ ಬಹಳ ದಿನ ತೆಗೆದುಕೊಂಡರೆ ಅಥವಾ ಸೆರೆ ಬಹಳ ಕುಡಿದರೆ ತೊಡೆಯ ಎಲುಬಿನ ಚೆಂಡಿಗೆ ರಕ್ತ ನಿಲ್ಲಬಹುದು. ಆಗ ಎಲುಬು ಸಾಯುತ್ತದೆ, ಚೆಂಡು ಕುಸಿಯುತ್ತದೆ. ಈ ನೋವನ್ನೂ ಜನ "ಗಾಡಿ ನೋವು" ಎಂದೇ ತಿಳಿದು ಸುಮ್ಮನಿರುತ್ತಾರೆ. ಬೇಗ ಗೊತ್ತಾದರೆ ಕೀಲನ್ನು ಉಳಿಸಲು ಅವಕಾಶ ಇರುತ್ತದೆ.

ದವಾಖಾನೆಗೆ ಯಾವಾಗ?

- ತೊಡೆಸಂದಿನಲ್ಲಿ ನೋವು ಎರಡು ಮೂರು ವಾರವಾದರೂ ಹೋಗದಿದ್ದರೆ
- ಕುಂಟುತ್ತಿದ್ದರೆ, ರಾತ್ರಿ ನೋವಿನಿಂದ ಎಚ್ಚರವಾಗುತ್ತಿದ್ದರೆ
- ನೋವಿನ ಜೊತೆ ಜ್ವರ ಬಂದರೆ
- ಬಿದ್ದ ಮೇಲೆ ಕಾಲೂರಲು ಆಗದಿದ್ದರೆ
- ತೊಡೆಗಳ ನಡುವೆ ಸ್ಪರ್ಶ ತಿಳಿಯದಿದ್ದರೆ, ಮೂತ್ರ ತಡೆಯಲು ಅಥವಾ ಬಿಡಲು ಆಗದಿದ್ದರೆ

ಕೊನೆಯ ಮೂರು ಇದ್ದರೆ ಅದೇ ದಿನ ಹೋಗಿ. ಗಡಹಿಂಗ್ಲಜದಲ್ಲಿ ಉಪಜಿಲ್ಲಾ ಆಸ್ಪತ್ರೆ ಇದೆ. ಇಚಲಕರಂಜಿಯಲ್ಲಿ ಇಂದಿರಾ ಗಾಂಧಿ ಆಸ್ಪತ್ರೆ ಇದೆ. ಕೊಲ್ಹಾಪುರದಲ್ಲಿ ಸಿ.ಪಿ.ಆರ್. ಆಸ್ಪತ್ರೆ ಇದೆ.

ಮಾತಿನಲ್ಲಿ ತಪ್ಪಬೇಡಿ

ನಾವು ನಡುವಿಗೂ ಟೊಂಕ ಅನ್ನುತ್ತೇವೆ, ಕೀಲಿಗೂ ಟೊಂಕ ಅನ್ನುತ್ತೇವೆ. ಡಾಕ್ಟರ್ ಮರಾಠಿ ಮಾತಾಡುತ್ತಾರೆ. ಮರಾಠಿಯಲ್ಲಿ "ಕಂಬರ" ಎಂದರೆ ನಡು. "ಖುಬಾ" ಎಂದರೆ ಟೊಂಕದ ಕೀಲು. "ಜಾಂಘ" ಎಂದರೆ ತೊಡೆಸಂದು. ನಮ್ಮ ಹಾಲಿನ ಅಣ್ಣ ಎರಡು ಸಲ "ಕಂಬರ" ಎಂದಿದ್ದರು. ಎರಡು ಸಲವೂ ಬೆನ್ನನ್ನೇ ನೋಡಿ ಕಳಿಸಿದರು. ನೋವಿದ್ದದ್ದು ತೊಡೆಸಂದಿನಲ್ಲಿ! ಮೂರನೆಯ ಸಲ ಅವರು ತಮ್ಮ ಕೈಯಿಂದಲೇ ಚೀಟಿ ಬರೆದುಕೊಂಡು ಹೋದರು. ಬೆರಳಿಟ್ಟು ಜಾಗ ತೋರಿಸಿದರು. ಆಗ ಕೀಲಿನ ಎಕ್ಸ್‌ರೇ ತೆಗೆದರು. ಎಲುಬು ಗಟ್ಟಿ ಇತ್ತು. ಸ್ನಾಯು ಬಿಗಿದಿತ್ತು. ಈಗ ಸೀಟು ಬದಲಿಸಿದ್ದಾರೆ, ವ್ಯಾಯಾಮ ಮಾಡುತ್ತಾರೆ. ಹಾಲೂ ಹಾಕುತ್ತಾರೆ, ನೆಲಕ್ಕೆ ಕೂತು ಓದುತ್ತಾರೆ.

ನೀವೂ ಬರೆಯಿರಿ

ಒಂದು ಚೀಟಿಯಲ್ಲಿ ಈ ಉತ್ತರಗಳನ್ನು ಬರೆದು ಕಿಸೆಯಲ್ಲಿ ಇಟ್ಟುಕೊಳ್ಳಿ. ಹಿಂದಿನ ಕಿಸೆಯಲ್ಲಿ ಬೇಡ, ಅಂಗಿಯ ಕಿಸೆಯಲ್ಲಿ!

1. ನೋವು ಎಲ್ಲಿ ಇದೆ? ಯಾವ ಕಡೆ?
2. ಎಷ್ಟು ದಿನದಿಂದ ಇದೆ?
3. ದಿನಕ್ಕೆ ಎಷ್ಟು ಕಿಲೋಮೀಟರ್ ಗಾಡಿ ಹೊಡೆಯುತ್ತೀರಿ?
4. ಯಾವ ಗುಳಿಗೆ ನುಂಗಿದ್ದೀರಿ? ಎಷ್ಟು ದಿನ?